ಕೇಬಲ್ ಹಾಕಿದರೆ ವೈರ್ಡ್, ಕಿತ್ತರೆ ವೈಫೈ: ಲಿನಕ್ಸ್ ಲ್ಯಾಪ್‌ಟಾಪ್‌ನಲ್ಲಿ ತಾನಾಗೇ ಆಗಬೇಕು, ಸ್ಕ್ರಿಪ್ಟ್ ಕೈ ಕೊಡ್ತಿದೆ

ಕೋಥ್ರೂಡ್_ಕಂಪೈಲರ್, ಪುಣೆ

ಡೆಬಿಯನ್ 12 ಲಿನಕ್ಸ್, ಗ್ನೋಮ್ ಡೆಸ್ಕ್‌ಟಾಪ್, ಕನೆಕ್ಷನ್‌ಗಳನ್ನು ನೋಡಿಕೊಳ್ಳೋದು ನೆಟ್‌ವರ್ಕ್‌ಮ್ಯಾನೇಜರ್ 1.42. ಕೇಬಲ್ ಸಿಕ್ಕಿಸಿದ ಕೂಡಲೇ ವೈರ್ಡ್ ಹಿಡೀಬೇಕು, ಕಿತ್ತ ಕೂಡಲೇ ವೈಫೈಗೆ ಬರಬೇಕು, ನಾನು ಮೌಸ್ ಮುಟ್ಟಬಾರದು. ಇಷ್ಟೇ ಬೇಕಿರೋದು.

ಲ್ಯಾಪ್‌ಟಾಪ್ ಓಡಾಡೋ ಜಾಗಗಳು: ಕೋಥ್ರೂಡ್ ಮನೆಯಲ್ಲಿ ಫೈಬರ್ ರೂಟರ್, ಅದರಿಂದ ಮೇಜಿಗೆ ಒಂದು ಲ್ಯಾನ್ ಕೇಬಲ್, ವೈಫೈಯೂ ಅದೇ ರೂಟರಿನದು. ಹಿಂಜವಡಿ ಆಫೀಸಿನಲ್ಲಿ ಯುಎಸ್‌ಬಿ-ಸಿ ಡಾಕ್ (ಒಂದೇ ಕೇಬಲಿನಲ್ಲಿ ಲ್ಯಾನ್ ಮುಂತಾದ ಪೋರ್ಟ್ ಕೊಡೋ ಪೆಟ್ಟಿಗೆ), ಡಾಕ್‌ನ ಲ್ಯಾನ್ ಪೋರ್ಟ್‌ಗೆ ಡಿಎಚ್‌ಸಿಪಿಯಿಂದ (ಐಪಿ ವಿಳಾಸ ತಾನಾಗಿ ಹಂಚೋ ವ್ಯವಸ್ಥೆ) ಐಪಿ. ಅದೇ ಕಟ್ಟಡದ ಲ್ಯಾಬ್‌ನಲ್ಲಿ ಡಿಎಚ್‌ಸಿಪಿ ಇಲ್ಲ, ಸ್ಟ್ಯಾಟಿಕ್ ಐಪಿ, ಅಂದರೆ ಕೈಯಿಂದ ಬರೆದ ಕಾಯಂ ವಿಳಾಸ. ಅಲ್ಲಿ ಕೇಬಲ್ ನೇರ ಲ್ಯಾಪ್‌ಟಾಪಿನ ಸ್ವಂತ ಪೋರ್ಟ್‌ಗೆ. ವಾರಾಂತ್ಯ ಪುಣೆ–ಮುಂಬೈ ರೈಲಿನಲ್ಲಿ ಫೋನ್ ಹಾಟ್‌ಸ್ಪಾಟ್, ಕೆಲವೊಮ್ಮೆ ಯುಎಸ್‌ಬಿ ಟೆಥರಿಂಗ್ (ಫೋನಿನ ಇಂಟರ್ನೆಟ್ ಕೇಬಲ್ ಮೂಲಕ).

ಈಗ ಇರೋದು ಎನ್‌ಎಂಸಿಎಲ್‌ಐ (ನೆಟ್‌ವರ್ಕ್‌ಮ್ಯಾನೇಜರಿನ ಕಮಾಂಡ್) ಉದಾಹರಣೆಗಳ ಮ್ಯಾನ್ ಪೇಜ್‌ನಲ್ಲಿ ಸಿಗೋ ಡಿಸ್ಪ್ಯಾಚರ್ ಸ್ಕ್ರಿಪ್ಟ್ (ನೆಟ್‌ವರ್ಕ್ ಬದಲಾದಾಗ ತಾನಾಗಿ ಓಡೋದು): ವೈರ್ಡ್ ಕನೆಕ್ಟ್ ಆಗಿದ್ದರೆ ವೈಫೈ ರೇಡಿಯೋ ಆಫ್, ಇಲ್ಲದಿದ್ದರೆ ಆನ್. ತೊಂದರೆಗಳು ಇವು. ಡಾಕ್‌ನಲ್ಲಿ ಇರುವಾಗಲೇ ಶಟ್‌ಡೌನ್ ಮಾಡಿ ರೈಲಿನಲ್ಲಿ ತೆರೆದರೆ ವೈಫೈ ಆಫ್ ಆಗೇ ಇರುತ್ತೆ. ಫೋನನ್ನು ಯುಎಸ್‌ಬಿಗೆ ಹಾಕಿ ಟೆಥರಿಂಗ್ ಒತ್ತಿದರೆ ವೈಫೈ ಸತ್ತು ಮೊಬೈಲ್ ಡೇಟಾ ಖರ್ಚಾಗುತ್ತೆ. ಮಳೆಗೆ ಫೈಬರ್ ಹೋದಾಗ ರೂಟರ್ ಲೈಟ್ ಮಾತ್ರ ಇರುತ್ತೆ, ಇಂಟರ್ನೆಟ್ ಇಲ್ಲ, ಆದರೂ ಲ್ಯಾಪ್‌ಟಾಪ್ ಕೇಬಲನ್ನೇ ಹಿಡಿದು ಕೂತಿರುತ್ತೆ. ಲ್ಯಾಬ್‌ನಿಂದ ಮನೆಗೆ ಬಂದು ಕೇಬಲ್ ಹಾಕಿದರೆ ಒಂದೊಂದು ಸಲ ಲ್ಯಾಬಿನ ಸ್ಟ್ಯಾಟಿಕ್ ಐಪಿಯೇ ಬಂದು ಕೂರುತ್ತೆ. ಕೊನೇದಾಗಿ, ಕೇಬಲ್ ಕಿತ್ತರೆ ಎಸ್‌ಎಸ್‌ಎಚ್ ಸೆಷನ್‌ಗಳು (ದೂರದ ಸರ್ವರಿನ ಟರ್ಮಿನಲ್) ಸಾಯ್ತವೆ.

ಕಮಾಂಡ್‌ಗಳನ್ನು ಕನ್ನಡ ಲಿಪಿಯಲ್ಲೇ ಬರೆದರೂ ನಡೆಯುತ್ತೆ, ಟರ್ಮಿನಲ್‌ನಲ್ಲಿ ಇಂಗ್ಲಿಷಿನಲ್ಲಿ ಹೊಡ್ಕೋತೀನಿ.

ಡೊಂಬಿವಲಿ_ಡೀಮನ್, ಮುಂಬೈ

ಮೊದಲು ಆ ಸ್ಕ್ರಿಪ್ಟ್ ತೆಗೀರಿ. ನೀವು ಹೇಳಿದ ಐದರಲ್ಲಿ ಎರಡು ತೊಂದರೆ ಅದು ತಂದದ್ದೇ.

ರೇಡಿಯೋ ಆಫ್ ಮಾಡಿದರೆ ಅದು ಆ ಹೊತ್ತಿಗೆ ಮಾತ್ರ ಅಲ್ಲ. ನೆಟ್‌ವರ್ಕ್‌ಮ್ಯಾನೇಜರ್ ಅದನ್ನು /ವರ್/ಲಿಬ್/ನೆಟ್‌ವರ್ಕ್‌ಮ್ಯಾನೇಜರ್/ನೆಟ್‌ವರ್ಕ್‌ಮ್ಯಾನೇಜರ್.ಸ್ಟೇಟ್ ಫೈಲಿನಲ್ಲಿ ವೈರ್‌ಲೆಸ್‌ಎನೇಬಲ್ಡ್=ಫಾಲ್ಸ್ ಅಂತ ಬರೆದಿಡುತ್ತೆ. ಮುಂದಿನ ಬೂಟ್‌ನಲ್ಲಿ ಕೇಬಲ್ಲೇ ಇಲ್ಲ ಅಂದ ಮೇಲೆ ವೈರ್ಡ್‌ನ ಅಪ್ಪೂ ಇಲ್ಲ, ಡೌನೂ ಇಲ್ಲ, ಸ್ಕ್ರಿಪ್ಟನ್ನು ಎಬ್ಬಿಸೋರು ಯಾರು? ಟೆಥರಿಂಗ್ ಕಥೆಯೂ ಹೀಗೇ: ಫೋನ್ ಯುಎಸ್‌ಬಿಯಲ್ಲಿ ಬಂದರೆ ಕರ್ನಲ್‌ಗೆ ಅದು ಎತರ್ನೆಟ್ ಕಾರ್ಡ್. ಸ್ಕ್ರಿಪ್ಟ್ ಹುಡುಕೋದೂ ಎತರ್ನೆಟ್ ಅನ್ನೋ ಪದವನ್ನೇ. ಇನ್ನೊಂದು, ನಿಮ್ಮ ಗ್ನೋಮ್ ಕನ್ನಡದಲ್ಲಿದ್ದು ಸ್ಕ್ರಿಪ್ಟಿನ ತಲೆಯಲ್ಲಿ ಎಲ್‌ಸಿ_ಆಲ್=ಸಿ ಸಾಲು ಬಿಟ್ಟುಹೋಗಿದ್ದರೆ, ಎನ್‌ಎಂಸಿಎಲ್‌ಐ ಔಟ್‌ಪುಟ್ ಅನುವಾದ ಆಗಿ ಬಂದು ಗ್ರೆಪ್‌ಗೆ ಏನೂ ಸಿಗದೇ ಹೋಗಬಹುದು. ಎನ್‌ಎಂಸಿಎಲ್‌ಐ ಓದೋ ಯಾವ ಸ್ಕ್ರಿಪ್ಟಿಗೂ ಆ ಸಾಲು ಬೇಕೇಬೇಕು.

ವೈಫೈ ಆಫ್ ಮಾಡೋ ಅಗತ್ಯವೇ ಇಲ್ಲ. ಎರಡೂ ಆನ್ ಇರಲಿ. ಯಾವುದರಲ್ಲಿ ಹೋಗಬೇಕು ಅಂತ ತೀರ್ಮಾನಿಸೋದು ರೂಟ್ ಮೆಟ್ರಿಕ್, ಅಂದರೆ ಪ್ರತಿ ದಾರಿಗೆ ಕೊಟ್ಟ ಅಂಕ: ವೈರ್ಡ್‌ಗೆ 100, ವೈಫೈಗೆ 600, ಕಡಿಮೆ ಇರೋದು ಗೆಲ್ಲುತ್ತೆ. ರೇಡಿಯೋ ಆನ್ ಮಾಡಿ, ಕೇಬಲ್ ಹಾಕಿ, ಐಪಿ ರೂಟ್ ಕೊಡಿ, ಹೀಗೆ ಬರುತ್ತೆ:

ಡಿಫಾಲ್ಟ್ ವಯಾ 192.168.1.1 ಡೆವ್ ಇಎನ್‌ಪಿ0ಎಸ್31ಎಫ್6 ಪ್ರೋಟೋ ಡಿಎಚ್‌ಸಿಪಿ ಮೆಟ್ರಿಕ್ 100
ಡಿಫಾಲ್ಟ್ ವಯಾ 192.168.1.1 ಡೆವ್ ಡಬ್ಲ್ಯುಎಲ್‌ಪಿ2ಎಸ್0 ಪ್ರೋಟೋ ಡಿಎಚ್‌ಸಿಪಿ ಮೆಟ್ರಿಕ್ 600

ಕೇಬಲ್ ಕಿತ್ತರೆ ಮೊದಲ ಸಾಲು ಹೋಗುತ್ತೆ, ಎರಡನೇದು ಆಗಲೇ ಸಿದ್ಧ ಇರುತ್ತೆ. ವೈಫೈ ಹುಡುಕಿ, ಪಾಸ್‌ವರ್ಡ್ ಕೊಟ್ಟು, ಐಪಿ ಪಡೆಯೋ ಆ ಕೆಲವು ಸೆಕೆಂಡಿನ ಕಾಯುವಿಕೆಯೂ ಉಳಿಯಿತು.

ಎನ್‌ಎಂಸಿಎಲ್‌ಐ ಡಿವೈಸ್ ಸ್ಟೇಟಸ್ ಕೊಟ್ಟಾಗ ಯಾವುದಾದರೂ ಕಾರ್ಡ್ ಅನ್‌ಮ್ಯಾನೇಜ್ಡ್ ಅಂತ ಬಂದರೆ /ಇಟಿಸಿ/ನೆಟ್‌ವರ್ಕ್/ಇಂಟರ್‌ಫೇಸಸ್ ಫೈಲ್ ನೋಡಿ. ಡೆಬಿಯನ್ ಇನ್‌ಸ್ಟಾಲರ್ ಅಲ್ಲಿ ಆ ಕಾರ್ಡ್‌ನ ಹೆಸರು ಬರೆದಿದ್ದರೆ ನೆಟ್‌ವರ್ಕ್‌ಮ್ಯಾನೇಜರ್ ಅದನ್ನು ಮುಟ್ಟಲ್ಲ. ಎಲ್‌ಒ (ಲ್ಯಾಪ್‌ಟಾಪಿನ ಒಳಗಿನ ಲೂಪ್‌ಬ್ಯಾಕ್) ಸಾಲುಗಳನ್ನು ಬಿಟ್ಟು ಉಳಿದದ್ದನ್ನು ತೆಗೆದು ಸರ್ವೀಸ್ ರೀಸ್ಟಾರ್ಟ್ ಮಾಡಿ.

ಫೈಬರ್ ಹೋದದ್ದು ಲ್ಯಾಪ್‌ಟಾಪ್‌ಗೆ ಗೊತ್ತಾಗಲ್ಲ, ಯಾಕೆಂದರೆ ರೂಟರಿನ ಲ್ಯಾನ್ ಪೋರ್ಟ್ ಜೀವಂತ ಇದೆ, ಕ್ಯಾರಿಯರ್ (ಕೇಬಲಿನ ಸಿಗ್ನಲ್) ಇದೆ. ಅದಕ್ಕೆ ಕನೆಕ್ಟಿವಿಟಿ ಚೆಕ್ ಬೇಕು. ಡೆಬಿಯನ್‌ನಲ್ಲಿ ಅದು ಬೇರೆ ಪ್ಯಾಕೇಜ್: ನೆಟ್‌ವರ್ಕ್-ಮ್ಯಾನೇಜರ್-ಕಾನ್ಫಿಗ್-ಕನೆಕ್ಟಿವಿಟಿ-ಡೆಬಿಯನ್. ಅದನ್ನು ಹಾಕಿದರೆ ನಿಗದಿತ ವೆಬ್ ವಿಳಾಸಕ್ಕೆ ಪ್ರತಿ ಡಿವೈಸ್‌ನಿಂದ ಆಗಾಗ ಹೋಗಿ ನೋಡುತ್ತೆ. ಉತ್ತರ ಬರದಿದ್ದರೆ ಆ ಡಿವೈಸ್‌ನ ಡಿಫಾಲ್ಟ್ ರೂಟ್‌ಗೆ 20000 ಸೇರಿಸುತ್ತೆ. ವೈರ್ಡ್ 100 ಇದ್ದದ್ದು 20100 ಆಗುತ್ತೆ, ಇಂಟರ್ನೆಟ್ ಇರೋ ವೈಫೈ 600ರಲ್ಲಿ ಗೆಲ್ಲುತ್ತೆ. ಪದೇಪದೇ ನೋಡೋ ಅವಧಿ ಮೂಲದಲ್ಲಿ 300 ಸೆಕೆಂಡ್. ಕಾನ್ಫ್.ಡಿ ಫೋಲ್ಡರಿನಲ್ಲಿ ನಿಮ್ಮದೊಂದು ಫೈಲ್ ಇಟ್ಟು ಕನೆಕ್ಟಿವಿಟಿ ವಿಭಾಗದ ಕೆಳಗೆ ಇಂಟರ್ವಲ್=60 ಬರೀರಿ.

ಆದರೆ ನಿಮ್ಮ ಮನೆಯ ವೈಫೈಯೂ ಅದೇ ರೂಟರಿನದು. ಫೈಬರ್ ಹೋದರೆ 20100, 20600 ಎರಡೂ ಕೆಲಸಕ್ಕಿಲ್ಲ. ಫೋನ್ ಹಾಟ್‌ಸ್ಪಾಟ್‌ಗೆ ಹಾರಬೇಕು, ಮತ್ತು ನೆಟ್‌ವರ್ಕ್‌ಮ್ಯಾನೇಜರ್ ಕನೆಕ್ಟ್ ಆಗಿರೋ ವೈಫೈ ಬಿಟ್ಟು ಇನ್ನೊಂದಕ್ಕೆ ತಾನಾಗಿ ಹೋಗಲ್ಲ. ಇಲ್ಲಿ ಮಾತ್ರ ಡಿಸ್ಪ್ಯಾಚರ್ ಸ್ಕ್ರಿಪ್ಟಿಗೆ ನಿಜವಾದ ಕೆಲಸ ಇದೆ. ಎರಡನೇ ಆರ್ಗ್ಯುಮೆಂಟ್ ಕನೆಕ್ಟಿವಿಟಿ-ಚೇಂಜ್ ಆಗಿದ್ದು, ಕನೆಕ್ಟಿವಿಟಿ_ಸ್ಟೇಟ್ ಅನ್ನೋ ವೇರಿಯಬಲ್‌ನಲ್ಲಿ ಲಿಮಿಟೆಡ್ ಇದ್ದರೆ ಇದನ್ನು ಓಡಿಸಿ:

ಎನ್‌ಎಂಸಿಎಲ್‌ಐ --ವೇಟ್ 0 ಕನೆಕ್ಷನ್ ಅಪ್ ಫೋನ್-ಹಾಟ್‌ಸ್ಪಾಟ್

ಫೈಬರ್ ವಾಪಸ್ ಬಂದ ಮೇಲೆ ವೈರ್ಡ್ ಮತ್ತೆ 100ಕ್ಕೆ ಇಳಿದು ಟ್ರಾಫಿಕ್ ತಾನೇ ಕೇಬಲ್‌ಗೆ ಮರಳುತ್ತೆ. ಫೈಲನ್ನು /ಇಟಿಸಿ/ನೆಟ್‌ವರ್ಕ್‌ಮ್ಯಾನೇಜರ್/ಡಿಸ್ಪ್ಯಾಚರ್.ಡಿ ಒಳಗೆ ಇಡಿ. ಓನರ್ ರೂಟ್ (ಅಡ್ಮಿನ್ ಯೂಸರ್), ಮೋಡ್ 755. ಗ್ರೂಪ್‌ಗೋ ಇತರರಿಗೋ ರೈಟ್ ಪರ್ಮಿಷನ್ ಇದ್ದರೆ ಅದು ಓಡೋದೇ ಇಲ್ಲ. ಸ್ಕ್ರಿಪ್ಟ್ ಸರಿ ಇದ್ದೂ ಓಡ್ತಿಲ್ಲ ಅನ್ನೋರಲ್ಲಿ ಬಹಳ ಜನರದ್ದು ಇದೇ ಕೇಸ್.

ಟೆಥರಿಂಗ್‌ಗೆ ಬೇರೆ ಪ್ರೊಫೈಲ್ (ಕನೆಕ್ಷನ್‌ನ ಉಳಿಸಿಟ್ಟ ಸೆಟ್ಟಿಂಗ್) ಮಾಡಿ. ಮ್ಯಾಕ್ ಅಡ್ರೆಸ್ (ಕಾರ್ಡಿನ ಗುರುತು ಸಂಖ್ಯೆ) ನಂಬಬೇಡಿ, ಎಷ್ಟೋ ಆಂಡ್ರಾಯ್ಡ್ ಫೋನ್‌ಗಳಲ್ಲಿ ಅದು ಪ್ರತಿ ಸಲ ಬದಲಾಗುತ್ತೆ. ಡ್ರೈವರ್ ಹೆಸರಿನಿಂದ ಹಿಡೀರಿ:

ಎನ್‌ಎಂಸಿಎಲ್‌ಐ ಕನೆಕ್ಷನ್ ಆಡ್ ಟೈಪ್ ಎತರ್ನೆಟ್ ಕಾನ್-ನೇಮ್ ಟೆಥರ್ ಮ್ಯಾಚ್.ಡ್ರೈವರ್ ಆರ್‌ಎನ್‌ಡಿಐಎಸ್_ಹೋಸ್ಟ್ ಕನೆಕ್ಷನ್.ಆಟೋಕನೆಕ್ಟ್-ಪ್ರಯಾರಿಟಿ 20 ಐಪಿವಿ4.ರೂಟ್-ಮೆಟ್ರಿಕ್ 700 ಐಪಿವಿ6.ರೂಟ್-ಮೆಟ್ರಿಕ್ 700 ಕನೆಕ್ಷನ್.ಮೀಟರ್ಡ್ ಯೆಸ್

700 ಅಂದರೆ ವೈಫೈ ಇದ್ದಾಗ ವೈಫೈಯೇ, ಅದಿಲ್ಲದಾಗ ಟೆಥರ್. ಫೋನ್ ಹಾಕಿಟ್ಟು ಡ್ರೈವರ್ ಹೆಸರು ಒಮ್ಮೆ ಖಾತ್ರಿ ಮಾಡ್ಕೊಳ್ಳಿ, ಇತ್ಟೂಲ್ -ಐ ಜೊತೆ ಇಂಟರ್‌ಫೇಸ್ ಹೆಸರು ಕೊಟ್ಟರೆ ತೋರಿಸುತ್ತೆ. ಕೆಲವು ಫೋನ್ ಸಿಡಿಸಿ_ಎನ್‌ಸಿಎಂ ಅಂತ ಬರುತ್ತವೆ, ಐಫೋನ್ ಆದರೆ ಐಪಿಎಚ್‌ಇಟಿಎಚ್. ಡಾಕ್‌ಗಳಲ್ಲಿ ಸಾಮಾನ್ಯವಾಗಿ ಆರ್8152. ನಿಮ್ಮ ಡಾಕ್ ಕೂಡ ಸಿಡಿಸಿ_ಎನ್‌ಸಿಎಂ ಆಗಿದ್ದರೆ ಡಾಕ್ ಪ್ರೊಫೈಲನ್ನು ಅದರ ಮ್ಯಾಕ್‌ಗೆ ಕಟ್ಟಿ, ಪ್ರಯಾರಿಟಿ 30 ಕೊಡಿ.

ಲ್ಯಾಬ್ ವಿಷಯಕ್ಕೆ ನನ್ನ ಸಲಹೆ ಬೇಸರ ತರಿಸೋದು: ಆ ಪ್ರೊಫೈಲ್‌ಗೆ ಆಟೋಕನೆಕ್ಟ್ ನೋ ಹಾಕಿ ಕೈಯಿಂದ ಎಬ್ಬಿಸಿ. ಇಲ್ಲವೇ ಲ್ಯಾಬ್‌ನವರ ಹತ್ತಿರ ಡಿಎಚ್‌ಸಿಪಿ ರಿಸರ್ವೇಶನ್ (ನಿಮ್ಮ ಮ್ಯಾಕ್‌ಗೆ ಸದಾ ಅದೇ ಐಪಿ) ಕೇಳಿ.

ವಾಸ್ಕೋ_ರೂಟ್, ಗೋವಾ

ಡೀಮನ್ ಅವರು ಹೇಳಿದ್ದು ಬರೋಬರಿ ಅದ, ಆದ್ರ ಹಾಟ್‌ಸ್ಪಾಟ್ ಸ್ಕ್ರಿಪ್ಟ್ ಹಂಗ ಇಟ್ರ ರೈಲಿನ್ಯಾಗ ತ್ರಾಸ ಆಗತದ ನೋಡ್ರಿ. ಲೋಣಾವಳಾದಿಂದ ಕರ್ಜತ್‌ತನಕ ಘಾಟಿನ್ಯಾಗ ಒಂದರ ಹಿಂದ ಒಂದು ಸುರಂಗ. ಫೋನಿಗೆ ಸಿಗ್ನಲ್ ಹೋಗತದ, ಲ್ಯಾಪ್‌ಟಾಪ್ ಮತ್ತ ಫೋನಿನ ನಡುವಿನ ವೈಫೈ ಇದ್ದೇ ಇರತದ. ಚೆಕ್ ಲಿಮಿಟೆಡ್ ಅಂತದ, ಸ್ಕ್ರಿಪ್ಟ್ ಮೊದಲಿಂದನ ಚಾಲೂ ಇದ್ದ ಹಾಟ್‌ಸ್ಪಾಟನ್ನ ಮತ್ತ ಅಪ್ ಮಾಡತದ, ಅಂದ್ರ ಇದ್ದ ಕನೆಕ್ಷನ್ ಕೆಡವಿ ಹೊಸದಾಗಿ ಕಟ್ಟತದ. ಸುರಂಗಕ್ಕೊಮ್ಮೆ ಇದ ಆಟ. ಅದಕ್ಕ ಮೊದಲ ಚಾಲೂ ಇರೋ ಪ್ರೊಫೈಲ್‌ಗಳ ಹೆಸರು ನೋಡ್ರಿ:

ಎನ್‌ಎಂಸಿಎಲ್‌ಐ -ಟಿ -ಎಫ್ ನೇಮ್ ಕನೆಕ್ಷನ್ ಶೋ --ಆಕ್ಟಿವ್

ಇದರಾಗ ಮನಿ-ವೈಫೈ ಅನ್ನೋ ಹೆಸರು ಇದ್ರ ಅಷ್ಟ ಹಾಟ್‌ಸ್ಪಾಟಿಗೆ ಹೋಗಬೇಕು, ಇಲ್ಲಾಂದ್ರ ಎಕ್ಸಿಟ್ 0. ಗ್ರೆಪ್‌ಗೆ -ಎಕ್ಸ್ ಹಾಕ್ರಿ, ಪೂರ್ತಿ ಸಾಲು ಕೂಡಿದ್ರ ಮಾತ್ರ ಹಿಡೀತದ.

ಈಗ ಲ್ಯಾಬ್. ಸ್ಟ್ಯಾಟಿಕ್ ಐಪಿ ಮನಿಗೆ ಬರೋದು ಯಾಕಂದ್ರ, ಎರಡೂ ಪ್ರೊಫೈಲಿನ ಪ್ರಯಾರಿಟಿ 0 ಇದ್ರ ಕಡೀಕ ಬಳಸಿದ್ದನ್ನ ಮೊದಲು ಎತ್ತತದ. ಕೇಬಲಿನ ಆ ಕಡಿ ಯಾವ ನೆಟ್‌ವರ್ಕ್ ಅದ ಅಂತ ಗುರುತಿಸಲಿಕ್ಕೆ ವೈಫೈಗೆ ಇದ್ದಂಗ ಹೆಸರು ವೈರ್ಡ್‌ಗೆ ಇರಂಗಿಲ್ಲ. ಆದ್ರೂ ಕೈಯಿಂದ ಎಬ್ಬಿಸೋದು ಬ್ಯಾಡ ಅನ್ನೋರಿಗೆ ದಾರಿ ಅದ. ಡಿಎಚ್‌ಸಿಪಿ ಪ್ರೊಫೈಲಿಗೆ ಪ್ರಯಾರಿಟಿ 10, ಐಪಿವಿ4.ಮೇ-ಫೇಲ್ ನೋ, ಕನೆಕ್ಷನ್.ಆಟೋಕನೆಕ್ಟ್-ರಿಟ್ರೈಸ್ 1. ಲ್ಯಾಬ್ ಪ್ರೊಫೈಲಿಗೆ ಪ್ರಯಾರಿಟಿ 5. ಕೇಬಲ್ ಹಾಕಿದ ಕೂಡಲೆ ಡಿಎಚ್‌ಸಿಪಿ ಕೇಳತದ, ಉತ್ತರ ಇಲ್ಲಾಂದ್ರ ಫೇಲ್ ಆಗಿ ಲ್ಯಾಬಿಗೆ ಇಳೀತದ. ರಿಟ್ರೈಸ್ ಹೇಳದಿದ್ರ ಮೂಲದಾಗ 4 ಸಲ ಪ್ರಯತ್ನ ಮಾಡತದ, ಅಲ್ಲಿತನಕ ನೀವು ಚಾ ಕುಡದು ಬರಬಹುದು. ಕೇಬಲ್ ಕಿತ್ತು ಮತ್ತ ಹಾಕಿದ್ರ ಎಣಿಕಿ ಹೊಸದಾಗಿ ಚಾಲೂ ಆಗತದ.

ಡಿಎಚ್‌ಸಿಪಿ ಟೈಮ್‌ಔಟ್ 45 ಸೆಕೆಂಡ್ ಇರತದ. ಲಗೂನ ಆಗಲಿ ಅಂತ ಅದನ್ನ 10 ಮಾಡಬ್ಯಾಡ್ರಿ. ಆಫೀಸಿನ ಸ್ವಿಚ್ಚಿನ್ಯಾಗ ಸ್ಪ್ಯಾನಿಂಗ್ ಟ್ರೀ (ಪ್ಯಾಕೆಟ್ ಸುತ್ತು ಹೊಡೆಯೋದು ತಡೆಯೋ ವ್ಯವಸ್ಥೆ) ಚಾಲೂ ಇದ್ದು ಆ ಪೋರ್ಟಿಗೆ ಪೋರ್ಟ್‌ಫಾಸ್ಟ್ (ಕಾಯೋದು ತಪ್ಪಿಸೋ ಸೆಟ್ಟಿಂಗ್) ಇಲ್ಲಾಂದ್ರ, ಲಿಸನಿಂಗ್ 15, ಲರ್ನಿಂಗ್ 15, ಒಟ್ಟು 30 ಸೆಕೆಂಡ್ ಪೋರ್ಟ್ ಏನೂ ದಾಟಿಸಂಗಿಲ್ಲ. ಲೈಟ್ ಹತ್ತಿರತದ, ಡಿಎಚ್‌ಸಿಪಿ ಪ್ಯಾಕೆಟ್ ಮಾತ್ರ ಸ್ವಿಚ್ಚಿನ್ಯಾಗ ಬಿದ್ದುಹೋಗತಾವ. 10 ಸೆಕೆಂಡಿಗೆ ಸೋತು ಲ್ಯಾಬಿನ ಐಪಿ ಹಾಕಿಕೊಂಡು ತಪ್ಪು ನೆಟ್‌ವರ್ಕಿನ್ಯಾಗ ಕೂಡತದ.

ಲ್ಯಾಬಿನಿಂದ ಇಂಟರ್ನೆಟ್ ಬ್ಯಾಡ, ಒಳಗಿನ ಮಷೀನ್ ಅಷ್ಟ ಬೇಕು ಅಂದ್ರ ಐಪಿವಿ4.ನೆವರ್-ಡಿಫಾಲ್ಟ್ ಯೆಸ್ ಕೊಡ್ರಿ. ಲ್ಯಾಬ್ ಕೇಬಲ್ಲಿನ್ಯಾಗ, ಉಳಿದದ್ದು ವೈಫೈಯಾಗ. ಎರಡು ನೆಟ್‌ವರ್ಕ್ ಒಂದ ಲ್ಯಾಪ್‌ಟಾಪಿಗೆ ಕೂಡಿಸೋದಕ್ಕ ಆಫೀಸಿನ ಐಟಿಯವರ ಒಪ್ಪಿಗಿ ಇರಬೇಕು, ಅದು ಬ್ಯಾರೆ ಮಾತು.

ನನ್ನ ಕೇಳಿದ್ರ ಇದೆಲ್ಲಕ್ಕಿಂತ ಚೊಲೋ: ಲ್ಯಾಬಿಗಂತನ ಒಂದು ಯುಎಸ್‌ಬಿ ಗಿಗಾಬಿಟ್ ಲ್ಯಾನ್ ಅಡಾಪ್ಟರ್ ತಗೊಂಡು ಸ್ಟ್ಯಾಟಿಕ್ ಪ್ರೊಫೈಲನ್ನ ಅದರ ಮ್ಯಾಕ್‌ಗೆ ಕಟ್ಟಿಬಿಡ್ರಿ. ಪುಣೆಯಾಗ ಬುಧವಾರ ಪೇಠೆಯ ತಪಕೀರ್ ಗಲ್ಲಿ, ಮುಂಬೈಯಾಗ ಲ್ಯಾಮಿಂಗ್ಟನ್ ರೋಡ್, ಎಲ್ಲಿ ಬೇಕಾದ್ರೂ ಸಿಗತದ. ಆರ್‌ಟಿಎಲ್8153 ಚಿಪ್ಪಿಂದು ಕೇಳ್ರಿ, ಡ್ರೈವರ್ ಕರ್ನಲ್‌ನ್ಯಾಗ ಅದ. ಇಂಟರ್‌ಫೇಸ್ ಹೆಸರಿಗೆ ಕಟ್ಟಬ್ಯಾಡ್ರಿ: ಡೆಬಿಯನ್‌ನ್ಯಾಗ ಹೆಸರು ಮ್ಯಾಕ್‌ನಿಂದ ಬರತದ, ಕೆಲವು ಬ್ಯಾರೆ ಡಿಸ್ಟ್ರೋದಾಗ ಯಾವ ಯುಎಸ್‌ಬಿ ಪೋರ್ಟಿಗೆ ಹಾಕಿದ್ರಿ ಅನ್ನೋದರ ಮ್ಯಾಲ ಬದಲಾಗತದ.

ಎಸ್‌ಎಸ್‌ಎಚ್ ಸಾಯೋದಕ್ಕ ಬಾಂಡಿಂಗ್ ಅದ, ಅಂದ್ರ ಎರಡು ಕಾರ್ಡ್ ಕೂಡಿಸಿ ಒಂದ ಮಾಡೋದು. ಮನಿಯ ಕೇಬಲ್ ಮತ್ತ ಮನಿಯ ವೈಫೈ ಎರಡನ್ನೂ ಬಾಂಡ್0 ಕೆಳಗ ತರೋದು, ಐಪಿ ಬಾಂಡಿಗೆ ಒಂದ. ಆಪ್ಶನ್ ಹಿಂಗ:

ಮೋಡ್=ಆಕ್ಟಿವ್-ಬ್ಯಾಕಪ್,ಮಿಐಮಾನ್=100,ಪ್ರೈಮರಿ=ಇಎನ್‌ಪಿ0ಎಸ್31ಎಫ್6,ಫೇಲ್_ಓವರ್_ಮ್ಯಾಕ್=ಆಕ್ಟಿವ್

ಕಡೀ ಆಪ್ಶನ್ ಮರೀಬ್ಯಾಡ್ರಿ. ಅದಿಲ್ಲಾಂದ್ರ ಬಾಂಡ್ ಎರಡಕ್ಕೂ ಒಂದ ಮ್ಯಾಕ್ ಹಾಕಲಿಕ್ಕೆ ನೋಡತದ, ವೈಫೈ ಕಾರ್ಡಿಗೆ ಅದು ಒಗ್ಗಂಗಿಲ್ಲ. ಇದರಿಂದ ಮ್ಯಾಕ್ ಬದಲಾಗೋದ್ರಿಂದ ಐಪಿವಿ4.ಡಿಎಚ್‌ಸಿಪಿ-ಕ್ಲೈಂಟ್-ಐಡಿ ಒಂದನ್ನ ಕಾಯಂ ಇಡ್ರಿ, ಲೀಸ್ ರಿನ್ಯೂ ಆಗೋ ಮುಂದ ಬ್ಯಾರೆ ಐಪಿ ಬರಬಾರದು. ಕೇಬಲ್ ಮತ್ತ ವೈಫೈ ಒಂದ ಸಬ್‌ನೆಟ್ಟಿನ್ಯಾಗ ಇದ್ರಷ್ಟ ಇದು ನಡೀತದ. ಗೆಸ್ಟ್ ವೈಫೈ ಬ್ಯಾರೆ ವಿಲ್ಯಾನ್ (ಬ್ಯಾರೆ ಮಾಡಿಟ್ಟ ನೆಟ್‌ವರ್ಕ್) ಇದ್ದಲ್ಲಿ ಉಪಯೋಗಿಲ್ಲ. ಮತ್ತ ಸ್ವಂತ ಪೋರ್ಟ್ ಬಾಂಡಿಗೆ ಕೊಟ್ಟ ಮ್ಯಾಲ ಲ್ಯಾಬಿಗೆ ಆ ಅಡಾಪ್ಟರ್ ಬೇಕೇ ಬೇಕು. ಇನ್ನ, ಸಾಯೋದು ಬರೇ ಟರ್ಮಿನಲ್ ಸೆಷನ್ ಇದ್ರ ಇಷ್ಟೆಲ್ಲ ಯಾಕ? ಸರ್ವರಿನ್ಯಾಗ ಮೋಶ್ (ಎಸ್‌ಎಸ್‌ಎಚ್ ಬದಲಿಗೆ ಬಳಸೋ ಟರ್ಮಿನಲ್) ಹಾಕಿ ಯುಡಿಪಿ 60000ರಿಂದ 61000 ತೆರೀರಿ, ಐಪಿ ಬದಲಾದ್ರೂ ಸೆಷನ್ ಉಳೀತದ.

ಪಣಜಿ_ಪ್ಯಾಕೆಟ್

ಡೆಸ್ಕ್‌ಟಾಪ್ ಬೇಡದವರು ನೆಟ್‌ವರ್ಕ್‌ಮ್ಯಾನೇಜರ್ ಬದಲು ಸಿಸ್ಟಮ್‌ಡಿ-ನೆಟ್‌ವರ್ಕ್‌ಡಿ ಜೊತೆ ಐಡಬ್ಲ್ಯುಡಿ (ವೈಫೈ ಹಿಡಿಯೋ ಪ್ರೋಗ್ರಾಂ) ಹಾಕಿಕೊಳ್ಳಬಹುದು. ಅಲ್ಲಿ ಮೆಟ್ರಿಕ್ ತಾನಾಗಿ ಬರಲ್ಲ, ಎರಡಕ್ಕೂ 1024 ಇರುತ್ತೆ; ವೈರ್ಡ್ ಮತ್ತು ವೈಫೈ ಎರಡೂ ಡಾಟ್‌ನೆಟ್‌ವರ್ಕ್ ಫೈಲ್‌ಗಳಲ್ಲಿ ರೂಟ್‌ಮೆಟ್ರಿಕ್ 100, 600 ನೀವೇ ಬರೀಬೇಕು. ಕೇಬಲ್ ಇಲ್ಲದೆ ಬೂಟ್ ಮಾಡಿದರೆ ವೇಟ್-ಆನ್‌ಲೈನ್ ಸರ್ವೀಸ್ 120 ಸೆಕೆಂಡ್ ಕಾಯಿಸಬಹುದು, ವೈರ್ಡ್‌ಗೆ ರಿಕ್ವೈರ್ಡ್‌ಫಾರ್‌ಆನ್‌ಲೈನ್=ನೋ ಕೊಡಿ. ಕನೆಕ್ಟಿವಿಟಿ ನೋಡಿ ಮೆಟ್ರಿಕ್ ಬದಲಿಸೋ ಸೌಲಭ್ಯ ನೆಟ್‌ವರ್ಕ್‌ಡಿಯಲ್ಲಿ ಇಲ್ಲ, ಹಾಗಾಗಿ ಕೇಳಿದವರ ಕೆಲಸಕ್ಕೆ ನೆಟ್‌ವರ್ಕ್‌ಮ್ಯಾನೇಜರ್ರೇ ಸರಿ. ಎರಡನ್ನೂ ಒಂದೇ ಕಾರ್ಡ್ ಮೇಲೆ ಬಿಡಬೇಡಿ.

ಒಂದು ಸಣ್ಣದು: ಲಾಗಿನ್ ಆಗೋ ತನಕ ವೈಫೈ ಹಿಡೀತಿಲ್ಲ ಅಂದರೆ ಪಾಸ್‌ವರ್ಡ್ ಯೂಸರ್ ಕೀರಿಂಗ್‌ನಲ್ಲಿದೆ (ಲಾಗಿನ್ ಆದ ಮೇಲಷ್ಟೇ ತೆರೆಯೋ ಪಾಸ್‌ವರ್ಡ್ ಪೆಟ್ಟಿಗೆ). ವೈಫೈ-ಸೆಕ್.ಪಿಎಸ್‌ಕೆ-ಫ್ಲ್ಯಾಗ್ಸ್ 0 ಮಾಡಿ ಪಾಸ್‌ವರ್ಡ್ ಮತ್ತೆ ಕೊಡಿ, ಕನೆಕ್ಷನ್.ಪರ್ಮಿಷನ್ಸ್ ಖಾಲಿ ಬಿಡಿ.

ಕೋಥ್ರೂಡ್_ಕಂಪೈಲರ್, ಪುಣೆ

ಸ್ಕ್ರಿಪ್ಟ್ ತೆಗೆದೆ, ಟೆಥರ್ ಪ್ರೊಫೈಲ್ ಮತ್ತು ಚೆಕ್ ಪ್ಯಾಕೇಜ್ ಹಾಕಿದೆ, ಲ್ಯಾಬಿಗೆ ಅಡಾಪ್ಟರ್ ದಾರಿ ಹಿಡಿದೆ. ಮನೆ ಮತ್ತು ರೈಲು ಸರಿಯಾಗಿದೆ. ಆಫೀಸಿನಲ್ಲಿ ಹೊಸ ತಲೆನೋವು: ಡಾಕ್ ಹಾಕಿದ್ದರೂ ಟ್ರಾಫಿಕ್ ಗೆಸ್ಟ್ ವೈಫೈಯಲ್ಲಿ ಹೋಗ್ತಿದೆ, ಒಳಗಿನ ಸರ್ವರ್‌ಗಳು ಸಿಗ್ತಿಲ್ಲ. ಐಪಿ ರೂಟ್‌ನಲ್ಲಿ ಡಾಕ್‌ಗೆ ಮೆಟ್ರಿಕ್ 20100 ತೋರಿಸುತ್ತೆ. ಕೇಬಲ್‌ನಲ್ಲಿ ಏನೂ ಕೆಟ್ಟಿಲ್ಲ.

ಡೊಂಬಿವಲಿ_ಡೀಮನ್, ಮುಂಬೈ

20100 ಅಂದರೆ ಚೆಕ್ ಫೇಲ್. ಆಫೀಸಿನ ಫೈರ್‌ವಾಲ್ ಚೆಕ್‌ನ ವೆಬ್ ವಿಳಾಸವನ್ನು ತಡೆದಿದೆ, ಅಥವಾ ಹೊರಗಿನ ವೆಬ್ ಎಲ್ಲ ಪ್ರಾಕ್ಸಿ (ನಡುವಿನ ಸರ್ವರ್) ಮೂಲಕವೇ ಹೋಗಬೇಕು. ಚೆಕ್ ನೇರವಾಗಿ ಹೋಗಿ ತಲೆ ಹೊಡೆಸಿಕೊಳ್ಳುತ್ತೆ. ನೆಟ್‌ವರ್ಕ್‌ಮ್ಯಾನೇಜರ್ ಪಾಲಿಗೆ ಇದಕ್ಕೂ ಸತ್ತ ಫೈಬರ್‌ಗೂ ವ್ಯತ್ಯಾಸ ಇಲ್ಲ. ವೈಫೈ ಆಫ್ ಮಾಡಿ ಇದನ್ನು ಕೊಟ್ಟು ನೋಡಿ, ಲಿಮಿಟೆಡ್ ಬಂದರೆ ಖಾತ್ರಿ:

ಎನ್‌ಎಂಸಿಎಲ್‌ಐ ನೆಟ್‌ವರ್ಕಿಂಗ್ ಕನೆಕ್ಟಿವಿಟಿ ಚೆಕ್

ಐಟಿಯವರು ಆ ವಿಳಾಸ ಬಿಟ್ಟುಕೊಟ್ಟರೆ ಒಳ್ಳೇದು. ಇಲ್ಲದಿದ್ದರೆ ಗೆಸ್ಟ್ ವೈಫೈ ಪ್ರೊಫೈಲ್‌ಗೆ ಮಾತ್ರ ಮೆಟ್ರಿಕ್ 30000 ಕೊಡಿ:

ಎನ್‌ಎಂಸಿಎಲ್‌ಐ ಕನೆಕ್ಷನ್ ಮಾಡಿಫೈ ಆಫೀಸ್-ಗೆಸ್ಟ್ ಐಪಿವಿ4.ರೂಟ್-ಮೆಟ್ರಿಕ್ 30000 ಐಪಿವಿ6.ರೂಟ್-ಮೆಟ್ರಿಕ್ 30000

20000 ದಂಡ ಬಿದ್ದ ಮೇಲೂ ಡಾಕ್ 20100, ಗೆಸ್ಟ್ 30000, ಡಾಕ್ ಗೆಲ್ಲುತ್ತೆ. ಡಾಕ್ ಇಲ್ಲದ ಮೀಟಿಂಗ್ ರೂಮಿನಲ್ಲಿ ರೂಟ್ ಅದೊಂದೇ, 30000 ಇದ್ದರೂ ನಡೆಯುತ್ತೆ. ಮಾಡಿಫೈ ಮಾಡಿದ್ದು ಚಾಲ್ತಿಯಲ್ಲಿರೋ ಕನೆಕ್ಷನ್‌ಗೆ ತಗಲಲ್ಲ, ಒಮ್ಮೆ ಕನೆಕ್ಷನ್ ಅಪ್ ಆಫೀಸ್-ಗೆಸ್ಟ್ ಕೊಡಿ. ಮನೆಯ ವೈಫೈಗೂ ಹಾಟ್‌ಸ್ಪಾಟ್‌ಗೂ ಇದನ್ನು ಹಾಕಬೇಡಿ, ಹಾಕಿದರೆ ಮಳೆಗಾಲದಲ್ಲಿ ಸತ್ತ ಫೈಬರ್ ಮತ್ತೆ ಗೆಲ್ಲುತ್ತೆ.